ಕೋರೆಗೆ ಹೋದ ಬಾಪ ಖಲಾಸ್

ಅಥವಾ ಅದನ್ನು ಮೊದಲು ಕೂಗಿದವನು ಹಾಡುತ್ತಿದ್ದವನ ಅಣ್ಣ ಅಲ್ಲದೆಯೂ ಇರಬಹುದು. ಈಜುಕೊಳದ ಅಂಚಿನಲ್ಲಿ ಲುಂಗಿ ಮೇಲೆ ಕಟ್ಟಿ, ನೀರಿಗೆ ಕಾಲು ಇಳಿಬಿಟ್ಟು ಕೂತವರು ಏಳೆಂಟು ಮಂದಿ ಇದ್ದರು. ಕೂಗು ನನ್ನ ಎಡಗಡೆಯಿಂದ ಬಂತು, ಎಡಗಡೆ ಅಣ್ಣ ಕೂತಿದ್ದ. ಇಷ್ಟು ನೆನಪು. ಆದರೆ ನಾನು ಕೀಬೋರ್ಡನ್ನು ಕೊಳಕ್ಕೆ ಮುಖ ಮಾಡಿ ಇಟ್ಟಿದ್ದೆನೋ ಬೆನ್ನು ಮಾಡಿ ಇಟ್ಟಿದ್ದೆನೋ ಎಂಬುದು ಒಮ್ಮೆ ಒಂದು ರೀತಿ, ಇನ್ನೊಮ್ಮೆ ಇನ್ನೊಂದು ರೀತಿ ಕಾಣುತ್ತದೆ. ಬೆನ್ನು ಮಾಡಿದ್ದರೆ ಎಡ ಬಲವಾಗುತ್ತದೆ. ಬಲಗಡೆ ಕೂತವರು ಯಾರೆಂದು ನಾನು ನೋಡಿಯೇ ಇಲ್ಲ.

ಅದು ಮಸ್ಕತ್ ಹತ್ತಿರದ ಬರ್ಕಾದ ಒಂದು ಫಾರ್ಮ್‌ಹೌಸ್. ಶುಕ್ರವಾರ ಕರಾವಳಿಯ ಕೆಲವು ಮನೆಯವರು ಸೇರಿ ಬಾಡಿಗೆಗೆ ಹಿಡಿದದ್ದು. ಕೂಗಿದ್ದು ಒಂದೇ ಒಂದು ಪದ, ಖಲಾಸ್. ಆ ಪದದಿಂದ ಒಬ್ಬ ಪ್ರಸಿದ್ಧನಾದ, ಅದೇ ಪದಕ್ಕಾಗಿ ಅವನ ಬಾಯಿ ಒಡೆಯಿತು. ಹಾಗಾಗಿ ಯಾರು ಕೂಗಿದರು ಎಂಬುದನ್ನು ನಾನು ಆಗಾಗ ಕೆದಕುತ್ತೇನೆ. ಕೆದಕಿದಷ್ಟೂ ಅದು ಮಸುಕಾಗುತ್ತದೆ.

ಅವನನ್ನು ನಾನು ಮೊದಲು ಕೇಳಿದ್ದು, ಆಮೇಲೆ ನೋಡಿದ್ದು. ಸೀಬ್‌ನ ಏಸಿ ಕಂಪೆನಿಯೊಂದರಲ್ಲಿ ನನ್ನ ಕೆಲಸ, ಅಲ್ ಹೈಲ್‌ನಲ್ಲಿ ಫ್ಲ್ಯಾಟ್. ಕೆಲಸದ ಮೇಲೆ ಸುವೈಕ್‌ಗೆ ಹೋದಾಗ ಅಲ್ಲಿನ ಪೇಟೆ ಸೂಕ್‌ನ ಹಿಂದಿನ ಕೋಳಿಯಂಗಡಿಗೆ ಹೋಗುತ್ತಿದ್ದೆ. ಊರಿನ ಬ್ಯಾರಿಗಳ ಅಂಗಡಿ, ಕೋಳಿಯನ್ನು ನಮ್ಮ ಹದಕ್ಕೆ ತುಂಡು ಮಾಡಿ ಕೊಡುತ್ತಾರೆ ಎಂಬ ಕಾರಣಕ್ಕೆ. ಒಳಗೆ ಅವನು ಬಿಸ್ಮಿಲ್ಲಾ ಹೇಳಿ ಕತ್ತು ಕೊಯ್ಯುತ್ತಿದ್ದ, ತಗಡಿನ ಕೊಳವೆಗೆ ತಲೆ ಕೆಳಗಾಗಿ ತುರುಕುತ್ತಿದ್ದ. ಕೊಳವೆಯ ಮೇಲೆ ಎರಡು ಕಾಲುಗಳು ಗಾಳಿಯಲ್ಲಿ ಓಡುತ್ತಿದ್ದವು, ನಿಧಾನವಾಗುತ್ತಿದ್ದವು, ನಿಲ್ಲುತ್ತಿದ್ದವು. ಅಷ್ಟರಲ್ಲಿ ಇನ್ನೊಂದರ ಕತ್ತು. ಬಿಸಿನೀರಲ್ಲಿ ಅದ್ದಿ ಪುಕ್ಕ ಕೀಳುವ ಡ್ರಮ್ಮಿಗೆ ಎಸೆದು ಸ್ವಿಚ್ ಹಾಕಿದರೆ ಒಳಗಿನ ರಬ್ಬರ್ ಬೆರಳುಗಳು ಕೋಳಿಯನ್ನು ಬಡಿಯತೊಡಗುತ್ತವೆ, ಅಂಗಡಿಯೆಲ್ಲ ಗುಂಯ್ ಎನ್ನುತ್ತದೆ. ಅವನು ಹಾಡುತ್ತಿದ್ದದ್ದು ಆಗ ಮಾತ್ರ. ಸ್ವಿಚ್ ಆರಿಸಿದರೆ ಹಾಡೂ ನಿಲ್ಲುತ್ತಿತ್ತು.

"ಮೆಷಿನ್ ಸುಮ್ಮನಾದರೆ ನೀನೂ ಯಾಕೆ ಸುಮ್ಮನಾಗುವುದು?" ಎಂದು ಕೇಳಿದೆ.

"ಶ್ರುತಿ ಬೇಡ್ವಾ ಪೊರ್ಬುಗಳೇ? ನಿಮ್ಮ ಇಗರ್ಜಿಯಲ್ಲಿ ಪೆಟ್ಟಿಗೆ ಉಂಟು, ನನಗೆ ಇದು." ಊರಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆ ಅವನು ನನ್ನನ್ನು ಕೊನೆಯವರೆಗೂ ಪೊರ್ಬುಗಳೇ ಎಂದೇ ಕರೆದ. ಮನೆಮಾತು ಕೊಂಕಣಿ ಎಂದು ನನ್ನ ಮುಖ ನೋಡಿಯೇ ತಿಳಿದಿದ್ದ.

ಕೌಂಟರಿನಲ್ಲಿ ಕೂತವನು ಅವನ ಅಣ್ಣ. ತಮ್ಮ ಅವನನ್ನು ಕಾಕ ಎನ್ನುತ್ತಿದ್ದ, ಅವನು ತಮ್ಮನನ್ನು ಮೋನು ಎನ್ನುತ್ತಿದ್ದ. ದಪ್ಪ ಕತ್ತು, ಕಡಿಮೆ ಮಾತು. ಅರಬ್ ಧಣಿ ಕಫೀಲನ ಹತ್ತಿರ ಬೇಡಿಕೊಂಡು ತಮ್ಮನಿಗೆ ವೀಸಾ ಮಾಡಿಸಿದವನು ಅವನೇ. "ಇವನಿಗೆ ಗಂಟಲು ಮಾತ್ರ, ಕೈ ಇಲ್ಲ," ಎಂದ ನನ್ನ ಹತ್ತಿರ. "ಒಂದು ಕೋಳಿ ಕಡಿಯುವಷ್ಟರಲ್ಲಿ ನಾಲ್ಕು ಹಾಡು. ಗಿರಾಕಿ ಓಡಿಹೋಗ್ತಾರೆ." ಹೇಳುವಾಗ ಹೆಮ್ಮೆಯಿತ್ತು. ಅದು ಹೆಮ್ಮೆಯೇ ಎಂದು ಈಗಲೂ ಅನಿಸುತ್ತದೆ.

ಅವರ ಊರು ಸಮುದ್ರದಿಂದ ಒಳಗೆ, ಕೆಂಪುಕಲ್ಲಿನ ಕೋರೆಗಳ ನಡುವೆ. ಅಪ್ಪ ಕಲ್ಲು ಕಡಿಯುತ್ತಿದ್ದ, ತಾಯಿ ಬೀಡಿ ಕಟ್ಟುತ್ತಿದ್ದಳು. ಕಟ್ಟಿದ ಬೀಡಿ ಸಪುರವಾಯಿತೆಂದು ಬೀಡಿ ಕೊಳ್ಳುವ ಬ್ರಾಂಚಿನವನು ಅವಳ ಕಣ್ಣೆದುರೇ ಮುರಿದು ಬಿಸಾಡುತ್ತಿದ್ದ. ಅವಳು ಬರಿಗೈಯಲ್ಲಿ ಮನೆಗೆ ಬಂದರೆ ಅಪ್ಪ ಗೆರಸೆ ಒದೆಯುತ್ತಿದ್ದ. ಎಲೆ, ಹೊಗೆಸೊಪ್ಪು, ದಾರ ಅಂಗಳವೆಲ್ಲ ಹರಡಿಕೊಂಡರೆ ಮಕ್ಕಳು ಹೆಕ್ಕಬೇಕು. ಇದು ಅವನು ನನಗೆ ಹೇಳಿದ ಮೊದಲ ಆವೃತ್ತಿ. ಅಪ್ಪ ಸತ್ತದ್ದು ಅವನು ಇನ್ನೂ ಸಣ್ಣವನಿದ್ದಾಗ. ಮಳೆಗಾಲದಲ್ಲಿ ನೀರು ತುಂಬಿದ ಹಳೆಯ ಕೋರೆಗೆ ಜಾರಿ ಬಿದ್ದ. ಜೊತೆಗಿದ್ದವನು ಮೀಸೆ ಚಿಗುರುತ್ತಿದ್ದ ಅಣ್ಣ ಒಬ್ಬನೇ. ಇದನ್ನು ಅವನು ಕಲ್ಲಿನ ಅಳತೆ ಹೇಳುವ ಹಾಗೆ ಹೇಳಿ ಮುಂದೆ ಹೋದ, ನಾನೂ ನಿಲ್ಲಿಸಿ ಕೇಳಲಿಲ್ಲ.

ತಾಯಿ ಬೀಡಿ ಕಟ್ಟುವಾಗ ಎರಡು ಸಾಲು ಗುನುಗುತ್ತಿದ್ದಳಂತೆ. ಎಲೆ ಮುಗಿದು ಗೆರಸೆಯ ತಳ ಕಂಡಾಗ ಹೇಳುವ ಸಾಲು. ಅವನು ಅದನ್ನು ಕನ್ನಡಕ್ಕೆ ತಂದು ಇನ್ನೆರಡು ಸಾಲು ತನ್ನದೇ ಸೇರಿಸಿದ್ದ:

ಎಲೆ ತೀರಿತು, ಸೊಪ್ಪು ತೀರಿತು,
ಒಲೆಯೊಳಗಿನ ಕೆಂಡ ತೀರಿತು,
ಕೋರೆಗೆ ಹೋದ ಬಾಪ ತೀರಿದ,
ಉಮ್ಮಾ, ಇನ್ನು ಬೆರಳಿಗೆ ರಜೆ.

ಅವರ ಮಾತಿನಲ್ಲಿ ಬಾಪ ಅಪ್ಪ, ಉಮ್ಮ ಅಮ್ಮ. ಉಳಿದದ್ದು ಎಲ್ಲರಿಗೂ ತಿಳಿಯುತ್ತಿತ್ತು. ರಾಗ ಏನೂ ದೊಡ್ಡದಲ್ಲ, ಮೂರು ಸ್ವರದಲ್ಲಿ ಮುಗಿಯುವಂಥದ್ದು. ಆದರೆ ಮೂರನೆಯ ಸಾಲಿನಲ್ಲಿ ಅವನ ದನಿ ಮೇಲೆ ಹೋಗುತ್ತಿರಲಿಲ್ಲ, ಕೆಳಗೆ ಹೋಗುತ್ತಿತ್ತು. ಕೋರೆಯೊಳಗೆ ಯಾರೋ ಕಲ್ಲು ಇಳಿಸಿದ ಹಾಗೆ.

ಫಾರ್ಮ್‌ಹೌಸಿಗೆ ಅವನನ್ನು ನಾನೇ ಕರೆದುಕೊಂಡು ಹೋಗಿದ್ದೆ. ಇಗರ್ಜಿಯ ಕಾಯರಿನಲ್ಲಿ ಕಲಿತ ಕೀಬೋರ್ಡ್ ನನ್ನದು, ಹಾಡು ಅವನದು. ಬಿರಿಯಾನಿ ತಿಂದು ಮಲಗಿದ್ದವರು ಒಬ್ಬೊಬ್ಬರಾಗಿ ಎದ್ದು ಕೊಳದ ಹತ್ತಿರ ಬಂದರು. ಎರಡನೆಯ ಸುತ್ತಿನಲ್ಲಿ "ಎಲೆ" ಎಂದು ಅವನು ಉಸಿರು ತೆಗೆದುಕೊಂಡ. ಆ ಸಂದಿನಲ್ಲಿ ಯಾರೋ "ಖಲಾಸ್" ಎಂದರು. ನಗೆ. "ಸೊಪ್ಪು", "ಖಲಾಸ್". ಈ ಸಲ ನಾಲ್ಕಾರು ದನಿ. ಇಲ್ಲಿ ಚಹಾ ಮುಗಿದರೂ ಡ್ಯೂಟಿ ಮುಗಿದರೂ ಟ್ಯಾಕ್ಸಿಯಿಂದ ಇಳಿಯುವ ಜಾಗ ಬಂದರೂ ಅದೇ ಪದ. ಮಕ್ಕಳೂ ಸೇರಿಕೊಂಡರು. ಮೂರನೆಯ ಸಾಲು ಬಂದಾಗ ಯಾರೂ ಯೋಚಿಸಲಿಲ್ಲ. ಕೋರೆಗೆ ಹೋದ ಬಾಪ, ಖಲಾಸ್. ನಗುತ್ತಿದ್ದವರು ಅಲ್ಲಿಗೆ ತಟ್ಟನೆ ನಿಂತರು, ಒಬ್ಬಳು ಹೆಂಗಸು ಬಿಕ್ಕಿದಳು. ನಗೆಯಿಂದ ಅಳುವಿಗೆ ಅಷ್ಟು ಹತ್ತಿರದ ದಾರಿ ಇದೆಯೆಂದು ಅವನಿಗೆ ಆ ಕ್ಷಣ ತಿಳಿಯಿತು. ಅದನ್ನು ಅವನ ಮುಖದಲ್ಲಿ ಕಂಡೆ. ಇದೊಂದು ವಿಷಯದಲ್ಲಿ ನನಗೆ ಅನುಮಾನವಿಲ್ಲ.

ಹಾಡು ಮುಗಿದ ಮೇಲೆ ಕಾರ್ಗೋ ಆಫೀಸಿನಲ್ಲಿ ಕೆಲಸ ಮಾಡುವ ಒಬ್ಬ ಕೊಳದೊಳಗೆ ನಿಂತೇ ಅಂದ, "ಕೋಳಿ ಕಡಿದು ಕಡಿದು ಇವನೂ ಹುಂಜದ ಹಾಗೆ ಕೂಗ್ಲಿಕ್ಕೆ ಕಲ್ತ ಮಾರಾಯ್ರೆ."

ಅಣ್ಣ ಬಟ್ಟೆ ಸಮೇತ ನೀರಿಗಿಳಿದ. ಅವಸರವಿರಲಿಲ್ಲ, ಏನೋ ತರಲು ಹೋದವನ ಹಾಗೆ ಹೋದ. ಆ ಮನುಷ್ಯನ ಕತ್ತಿನ ಹಿಂಭಾಗ ಹಿಡಿದು ಮುಖವನ್ನು ನೀರೊಳಗೆ ಅದುಮಿದ. ಮೊದಲು ಎಲ್ಲರೂ ತಮಾಷೆ ಅಂದುಕೊಂಡೆವು. ಕೈಗಳು ನೀರು ಬಡಿದವು, ಆಮೇಲೆ ಅಣ್ಣನ ತೊಡೆ ಬಡಿದವು, ಆಮೇಲೆ ಬಡಿಯುವುದು ಕಡಿಮೆಯಾಯಿತು. ಅಷ್ಟು ಹೊತ್ತು ಅಣ್ಣ ನಮ್ಮನ್ನೇ ನೋಡುತ್ತಿದ್ದ. ಸಿಟ್ಟಿನ ಮುಖವಲ್ಲ. ಮೂವರು ನೀರಿಗೆ ಹಾರಿ ಅವನ ಬೆರಳು ಬಿಡಿಸಬೇಕಾಯಿತು. ಮೇಲೆ ಬಂದವನು ವಾಂತಿ ಮಾಡಿದ, ತಿಂದ ಅನ್ನವೆಲ್ಲ ನೀಲಿ ನೀರಿನಲ್ಲಿ ತೇಲಿತು.

"ತಮ್ಮನ ಸುದ್ದಿಗೆ ಬರುದು ಬೇಡ," ಎಂದ ಅಣ್ಣ. ಅಷ್ಟೇ ಹೇಳಿದ್ದು. ಲುಂಗಿ ಹಿಂಡಿಕೊಂಡು ಹೋಗಿ ವ್ಯಾನಿನಲ್ಲಿ ಕೂತ.

ಆ ದಿನದ ವಿಡಿಯೊದಲ್ಲಿ ಇದಿಲ್ಲ. ಯಾರೋ ಫೋನಿನಲ್ಲಿ ತೆಗೆದದ್ದು ಹಾಡಿನವರೆಗೆ ಮಾತ್ರ ಇದೆ. ಅದು ಹರಡಿದ ವೇಗದ ಬಗ್ಗೆ ನಾನು ಹೇಳಬೇಕಾಗಿಲ್ಲ. ಕುವೈತಿನವರು ಕಳಿಸಿದರು, ಊರಿನವರು ಕಳಿಸಿದರು, ನನ್ನ ಮಗಳ ಶಾಲೆಯ ಬಸ್ಸಿನಲ್ಲಿ ಮಕ್ಕಳು ಹಾಡಿದರು. ಬಸ್ಸಿಳಿದು ಬಂದ ಮಗಳು "ಡ್ಯಾಡಾ, ಯೂ ಆರ್ ಇನ್ ದ ವಿಡಿಯೊ, ಬಟ್ ಓನ್ಲಿ ಯುವರ್ ಎಲ್ಬೋ" ಎಂದಳು. ಆಮೇಲೆ ಕರಾವಳಿಯವರ ಸಂಘದ ವಾರ್ಷಿಕೋತ್ಸವ, ಸಲಾಲಾದಲ್ಲಿ ಒಂದು ಕಾರ್ಯಕ್ರಮ, ದೋಹಾದಿಂದ ಟಿಕೆಟ್. ಕೋಳಿ ಕೊಯ್ಯುವ ಕೈಗೆ ವಾಚು ಬಂತು. ಊರಿನ ಒಂದು ಚಾನೆಲ್ಲಿನವರು ಅವನ ತಾಯಿಯ ಮನೆಗೆ ಹೋಗಿ ಗೆರಸೆಯ ಮುಂದೆ ಅವಳನ್ನು ಕೂರಿಸಿ ಚಿತ್ರ ತೆಗೆದರು. ಅವಳು ಬೀಡಿ ಬಿಟ್ಟು ಎಷ್ಟೋ ಕಾಲವಾಗಿತ್ತು. ಗೆರಸೆ ಪಕ್ಕದ ಮನೆಯದು.

ಪ್ರತಿ ವೇದಿಕೆಯಲ್ಲೂ ಹಾಡಿಗೆ ಮುಂಚೆ ಅವನು ಸ್ವಲ್ಪ ಮಾತಾಡುತ್ತಿದ್ದ. ಹಿಂದೆ ಕೀಬೋರ್ಡಿನಲ್ಲಿ ಒಂದೇ ಸ್ವರ ಒತ್ತಿ ಹಿಡಿದು ನಾನು ಕೇಳುತ್ತಿದ್ದೆ. ಮೊದಮೊದಲು ಬಾಪ ಗೆರಸೆ ಒದೆಯುತ್ತಿದ್ದ. ಸಲಾಲಾದ ಹೊತ್ತಿಗೆ ಉಮ್ಮನ ಬೆನ್ನಿಗೆ ಒದೆಯತೊಡಗಿದ. ದೋಹಾದಲ್ಲಿ ಅವಳ ಬೆರಳು ಮುರಿದ, ಬ್ರಾಂಚಿನವನು ಬೀಡಿ ಮುರಿದ ಹಾಗೆ, ಒಂದೊಂದಾಗಿ. ಜನ ಅತ್ತರು. ವಾಪಸು ಬರುವಾಗ ವಿಮಾನದಲ್ಲಿ ಕೇಳಿದೆ, "ಬೆರಳು ಮುರಿದದ್ದು ನಿಜವಾ?"

"ನಿಮಗೆಂತ ಪೊರ್ಬುಗಳೇ, ಆಧಾರ್ ಕಾರ್ಡ್ ಬೇಕಾ?" ಎಂದ. ಆಮೇಲೆ ಕಿಟಕಿ ಕಡೆ ತಿರುಗಿ, "ಆ ಮನೆಯಲ್ಲಿ ಏನೆಲ್ಲ ಮುರೀಲಿಲ್ಲ," ಎಂದ. ಅದು ಉತ್ತರವೋ ಅಲ್ಲವೋ.

ಮಸ್ಕತ್‌ನ ದೊಡ್ಡ ಸಭಾಂಗಣದ ಕಾರ್ಯಕ್ರಮ ನಿಗದಿಯಾಗಿ, ಅವನು ನಮ್ಮ ಮನೆಯಲ್ಲೇ ಉಳಿದು ತಾಲೀಮು ಮಾಡುತ್ತಿದ್ದಾಗ ಅಣ್ಣ ಅಲ್ ಹೈಲ್‌ಗೆ ಬಂದ. ಮೊದಲ ಸಲ ನಮ್ಮ ಮನೆಗೆ. ಸೋಫಾದ ತುದಿಯಲ್ಲಿ ಕೂತ. ಹೆಂಡತಿ ಚಹಾ ಕೊಟ್ಟಳು, ಮುಟ್ಟಲಿಲ್ಲ.

"ಊರಲ್ಲಿ ಖಲಾಸ್ ಅಂದ್ರೆ ಎಂತ ಅಂತ ನಿಮಗೆ ಗೊತ್ತುಂಟಲ್ಲ ಪೊರ್ಬುಗಳೇ," ಎಂದ.

ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಮರೆತುಹೋಗಿತ್ತು. ಇಲ್ಲಿ ಅದು ಖಾಲಿ ಲೋಟದ ಪದ, ಊರಲ್ಲಿ ಅದು ಚೂರಿಯ ಪದ. ಊರಲ್ಲಿ ಯಾರಾದರೂ ಖಲಾಸ್ ಆದ ಎಂದರೆ, ಮಾಡಿದವನು ಯಾರು ಎಂಬುದು ಮುಂದಿನ ಪ್ರಶ್ನೆ. ಮುಗಿಯುವುದಕ್ಕೂ ಸಾಯುವುದಕ್ಕೂ ತೀರುವುದು ಎನ್ನುವ ಒಂದೇ ಮಾತನ್ನು ಇಟ್ಟುಕೊಂಡ ನಾವು, ಆ ಮಾತನ್ನು ತೆಗೆದು ಆ ಜಾಗದಲ್ಲಿ ಅರಬ್ಬಿಯದನ್ನು ಇಟ್ಟಿದ್ದೆವು. ಎಲೆಗೆ, ಸೊಪ್ಪಿಗೆ, ಕೆಂಡಕ್ಕೆ ಅದು ಸರಿಹೋಯಿತು. ನಾಲ್ಕನೆಯದಕ್ಕೆ ಕೊಲೆಯಾಯಿತು.

"ಮಗಳ ನಿಕಾಹ್ ಮಾತಾಗಿದೆ," ಎಂದ ಅಣ್ಣ. "ಹುಡುಗನ ಕಡೆಯವರು ಕೇಳಿದ್ದಾರೆ. ನಿನ್ನ ತಮ್ಮನೇ ಹಾಡ್ತಾನಲ್ಲ, ನಿಮ್ಮ ಬಾಪನ್ನು ಖಲಾಸ್ ಮಾಡಿದ್ದು ಯಾರು? ಆ ದಿನ ಕೋರೆಯಲ್ಲಿ ನೀನೊಬ್ಬನೇ ಇದ್ದದ್ದಲ್ಲವಾ? ಹೀಗೆ ಕೇಳ್ತಾರೆ. ಎಂತ ಹೇಳ್ಬೇಕು ನಾನು? ಮಸ್ಕತ್‌ನಲ್ಲಿ ಚಹಾ ಮುಗಿದ್ರೂ ಹಾಗೆ ಹೇಳ್ತಾರೆ ಅಂತ ಹೇಳ್ಬೇಕಾ?"

ತಮ್ಮ ಕೋಣೆಯಿಂದ ಹೊರಗೆ ಬಂದ, ಹೊಸ ಜುಬ್ಬಾದಲ್ಲಿ. "ಹೇಳು ಕಾಕ. ನಿಜ ಅಲ್ವಾ?"

"ಆ ಪದ ತೆಗಿ. ಮೊದಲಿನ ಹಾಗೆ ಹಾಡು. ತೀರಿದ ಅಂತ ಹಾಡು."

"ಜನ ಕೇಳುದು ಆ ಪದವನ್ನೇ. ಅದು ತೆಗೆದರೆ ಎಂತ ಉಂಟು ಅದರಲ್ಲಿ? ಬರೀ ಬೀಡಿ."

"ಮೋನು, ನನ್ನ ಮಗಳ ವಿಷಯ ಇದು."

"ನನಗೆ ವೀಸಾ ಕೊಟ್ಟದ್ದು ನೀನು, ಹಾಡು ಕೊಟ್ಟದ್ದು ನೀನಲ್ಲ. ಆ ಪದ ಮಾತ್ರ ನಿನ್ನದು. ಕೊಳದ ಹತ್ತಿರ ಫಸ್ಟ್ ಕೂಗಿದ್ದು ಯಾರು, ನೆನಪಿಲ್ವಾ?"

ಅಣ್ಣ ನನ್ನ ಕಡೆ ನೋಡಿದ. "ನಾನು ಕೂಗ್ಲಿಲ್ಲ. ಇವರನ್ನು ಕೇಳು." ತಮ್ಮನೂ ನನ್ನ ಕಡೆ ನೋಡಿದ. ಎಡಗಡೆಯಿಂದ ಬಂತು ಎಂದು ನಾನು ಹೇಳಿದೆನೆಂದು ಹೆಂಡತಿ ಈಗಲೂ ಹೇಳುತ್ತಾಳೆ. ನನ್ನ ಪ್ರಕಾರ ನಾನು ಬಾಯಿ ತೆರೆಯುವ ಮೊದಲೇ ಏಟು ಬಿತ್ತು. ಅಣ್ಣನ ಕೈ ತಮ್ಮನ ಕೆನ್ನೆಗೆ ಬಿದ್ದ ಆ ಸದ್ದಿಗೆ ಒಳಗಿನಿಂದ ಮಗಳು ಬಂದು "ವೈ ಡಿಡ್ ಹಿ ಹಿಟ್ ಹಿಮ್?" ಎಂದಳು. ಆಮೇಲೆ ಅದನ್ನೇ ಕನ್ನಡದಲ್ಲಿ ಕೇಳಿದಳು. ಆ ಮಗುವಿನ ಬಾಯಲ್ಲಿ ಕನ್ನಡ ಕೇಳಿ ಅಣ್ಣ ನಾಚಿದ. ಕೈ ಕೆಳಗಿಟ್ಟ.

"ತೀರಿದ ಅಂತಲೇ ಹಾಡ್ತೇನೆ, ಆಯ್ತಾ," ಎಂದ ತಮ್ಮ, ಕೆನ್ನೆ ಹಿಡಿದುಕೊಂಡು. "ನನ್ನ ಬಾಯಿಂದ ಆ ಪದ ಬರುದಿಲ್ಲ. ಉಮ್ಮನ ಆಣೆ."

ಅವನು ಮಾತು ಉಳಿಸಿಕೊಂಡ. ಅದೇ ಭಯಂಕರ. ಸಭಾಂಗಣ ತುಂಬಿತ್ತು, ಮೆಟ್ಟಿಲಲ್ಲಿ ಜನ. ಎಲೆ ತೀರಿತು ಎಂದು ಹಾಡಿದ. ಜನ "ಖಲಾಸ್" ಎಂದು ಸರಿಪಡಿಸಿದರು. ಸೊಪ್ಪು ತೀರಿತು. "ಖಲಾಸ್." ಅವನು ಕೈಯೆತ್ತಿ ಬೇಡ ಬೇಡ ಎಂಬಂತೆ ಮಾಡಿದ, ಅದರಿಂದ ಅವರು ಇನ್ನೂ ಜೋರಾದರು. ಮೂರನೆಯ ಸಾಲಿಗೆ ಬಂದಾಗ ಕೋರೆಗೆ ಹೋದ ಬಾಪ ಎಂದು ನಿಲ್ಲಿಸಿದ. ನನಗೆ ಬೆರಳಿನಿಂದ ನಿಲ್ಲಿಸಲು ಸನ್ನೆ ಮಾಡಿದ. ಕೀಬೋರ್ಡಿನಿಂದ ಕೈ ತೆಗೆದೆ. ಮೈಕನ್ನು ಬಾಯಿಂದ ತೆಗೆದು ಜನರ ಕಡೆ ಚಾಚಿದ. ಇಡೀ ಸಭಾಂಗಣ ಒಂದೇ ಬಾಯಾಗಿ ಆ ಪದ ಹೇಳಿತು. ತುಟಿ ಬಿಗಿಹಿಡಿದು ಅವನು ತಲೆಬಾಗಿ ನಿಂತಿದ್ದ. ಜನರಿಗೆ ಅದು ದುಃಖದ ಹಾಗೆ ಕಂಡಿತು. ಅಣ್ಣ ಬಂದಿರಲಿಲ್ಲ, ಆದರೆ ಕಾರ್ಯಕ್ರಮ ಮುಗಿಯುವ ಮೊದಲೇ ಅದು ಫೋನಿನಲ್ಲಿ ಸುವೈಕ್ ಮುಟ್ಟಿತ್ತು, ಊರನ್ನೂ ಮುಟ್ಟಿತ್ತು.

ಮಾರನೆಯ ದಿನ ಅವನು ಸುವೈಕ್‌ನಿಂದ ತನ್ನ ಬಟ್ಟೆಬರೆ ತರಬೇಕೆಂದ. ಅವನಿಗೆ ಲೈಸೆನ್ಸ್ ಇಲ್ಲ, ನಾನೇ ಕಾರು ತೆಗೆದೆ. ಮಧ್ಯಾಹ್ನ, ಅಂಗಡಿಗಳು ಮುಚ್ಚಿ ಜನ ಮಲಗುವ ಹೊತ್ತು. ಕೋಳಿಯಂಗಡಿಯ ಶಟರ್ ಅರ್ಧ ಇಳಿದಿತ್ತು, ಬಗ್ಗಿ ಒಳಗೆ ಹೋದೆವು. ಯಾವುದೋ ಹೋಟೆಲಿನ ಆರ್ಡರ್ ಇರಬೇಕು, ಮೆಷಿನ್ ಓಡುತ್ತಿತ್ತು. ಅಣ್ಣನೊಬ್ಬನೇ ಇದ್ದ, ಮೊಣಕೈವರೆಗೆ ಒದ್ದೆ.

ಮುಂದಿನದನ್ನು ನಾನು ಎರಡು ರೀತಿ ಬಲ್ಲೆ. ಒಂದರಲ್ಲಿ ಅಣ್ಣ ಮೊದಲು ತಮ್ಮನ ಬಲಗೈ ಹಿಡಿದು ಕಡಿಯುವ ದಿಮ್ಮಿಯ ಮೇಲಿಟ್ಟು ಕತ್ತಿಯ ಹಿಂಬದಿಯಿಂದ ಬೆರಳಿಗೆ ಹೊಡೆಯುತ್ತಾನೆ. ಇದು ಹಾಡಿಗೂ ಉಮ್ಮನ ಬೆರಳಿಗೂ ತೀರಾ ಚೆನ್ನಾಗಿ ಹೊಂದುತ್ತದೆ. ಅದಕ್ಕೇ ಇದನ್ನು ನಾನು ನಂಬುವುದಿಲ್ಲ, ಎಷ್ಟು ಸ್ಪಷ್ಟವಾಗಿ ಕಂಡರೂ. ಅವನ ಬೆರಳಿಗೆ ಆಮೇಲೆ ಏನೂ ಆಗಿರಲಿಲ್ಲ.

ಇನ್ನೊಂದು ಹೀಗೆ. ಅಣ್ಣ ತಮ್ಮನ ಕೂದಲು ಹಿಡಿದು ಮುಖವನ್ನು ಸ್ಟೀಲ್ ಮೇಜಿನ ಅಂಚಿಗೆ ಕುಟ್ಟಿದ. ತಟ್ಟೆ ಬಿದ್ದ ಹಾಗೆ ಸದ್ದು. ಮತ್ತೆ ಕುಟ್ಟಿದ. ನಾನು ಅಣ್ಣನ ಸೊಂಟ ಹಿಡಿದೆ, ಅವನ ಮೊಣಕೈ ಹಿಂದಕ್ಕೆ ಬಂದು ನನ್ನ ಪಕ್ಕೆಗೆ ಬಡಿಯಿತು, ನೀರು ರಕ್ತ ಪುಕ್ಕ ಸೇರಿದ ನೆಲದಲ್ಲಿ ಜಾರಿ ಕೂತೆ. ಕೆಳಗಿನಿಂದ ನನಗೆ ಕಂಡದ್ದು ಕಾಲುಗಳು ಮಾತ್ರ. ತಮ್ಮನ ಹೊಸ ಶೂ ನೆಲ ಕೆರೆಯುತ್ತಿದ್ದವು. ಅಣ್ಣ ಅವನನ್ನು ಎಳೆದುಕೊಂಡು ಹೋಗಿ ಓಡುತ್ತಿದ್ದ ಡ್ರಮ್ಮಿನ ಮೇಲೆ ಬಗ್ಗಿಸಿದ. ರಬ್ಬರ್ ಬೆರಳುಗಳು ಕೋಳಿಗಳನ್ನು ಬಡಿಯುತ್ತಿದ್ದವು, ಅವುಗಳಿಂದ ಒಂದು ಗೇಣು ಮೇಲೆ ಅವನ ಒಡೆದ ಬಾಯಿ. ತುಟಿಯಿಂದ ಇಳಿದ ರಕ್ತವನ್ನು ಡ್ರಮ್ಮು ಗೋಡೆಗೆ ಚಿಮುಕಿಸುತ್ತಿತ್ತು.

"ನನ್ನ ಮಗಳು," ಎನ್ನುತ್ತಿದ್ದ ಅಣ್ಣ. ಅದೊಂದೇ ಮಾತು ಹೇಳುತ್ತಿದ್ದ, ಅವರ ಭಾಷೆಯಲ್ಲಿ. ಒಂದೊಂದು ಸಲ ಹೇಳಿದಾಗಲೂ ತಲೆ ಇನ್ನಷ್ಟು ಕೆಳಗೆ ಹೋಗುತ್ತಿತ್ತು.

ಆಗ ತಮ್ಮ ಏನೋ ಹೇಳಿದ. ಅರಚಲಿಲ್ಲ. ಅವರ ಬ್ಯಾರಿ ಭಾಷೆ ನನಗೆ ತುಳುವಿನ ಅಂದಾಜಿನಲ್ಲಿ ಅರ್ಥವಾಗುತ್ತದೆ. "ಕೋರೆಯಲ್ಲಿ" ಎನ್ನುವುದು ಕೇಳಿಸಿತು. "ನಾನು" ಎನ್ನುವುದು ಕೇಳಿಸಿತು. ಕೊನೆಯ ಪದ ನೋಡಿದ್ದೇನೆ ಎಂದೋ ನೋಡಿಲ್ಲ ಎಂದೋ. ಅವರ ಮಾತಿನಲ್ಲಿ ಈ ಎರಡರ ವ್ಯತ್ಯಾಸ ಇರುವುದು ಪದದ ಬಾಲದಲ್ಲಿ, ಬಾಲವನ್ನು ಮೆಷಿನ್ ನುಂಗಿತು.

ಅಣ್ಣನ ಕೈ ಸಡಿಲವಾಯಿತು. ಕೈಚಾಚಿ ಸ್ವಿಚ್ ಆರಿಸಿದ. ಆ ನಿಶ್ಶಬ್ದದಲ್ಲಿ ಪಂಜರದ ಕೋಳಿಗಳು ಕೊಕ್ಕೊಕ್ ಎನ್ನುವುದು ಕೇಳಿಸಿತು. ಅವನು ನಲ್ಲಿ ಬಿಟ್ಟು ಅಂಗೈಯಲ್ಲಿ ನೀರು ಹಿಡಿದು ತಮ್ಮನ ಬಾಯಿ ತೊಳೆಯತೊಡಗಿದ. ಎರಡು ಹಲ್ಲು ಚರಂಡಿಯ ಜಾಲರಿಯಲ್ಲಿ ನಿಂತವು. "ಉಗುಳು ಮೋನು, ನುಂಗಬೇಡ," ಎಂದ. ಸಣ್ಣ ಮಗುವಿಗೆ ಹೇಳುವ ಹಾಗೆ ಹೇಳಿದ, ತಮ್ಮನೂ ಹಾಗೇ ಉಗುಳಿದ.

ಕ್ಲಿನಿಕ್ಕಿನಲ್ಲಿ ತುಟಿ ಹೊಲಿಯುವ ಮಲಯಾಳಿ ಡಾಕ್ಟರಿಗೆ ಅವನು ಬೆರಳಿನಿಂದ ನೆಲ ತೋರಿಸಿ, ಜಾರಿಬಿದ್ದೆ ಎಂದು ಸನ್ನೆ ಮಾಡಿದ. ಪೊಲೀಸಿಗೆ ಹೋಗಿದ್ದರೆ ಅಣ್ಣನಿಗೆ ಜೈಲು, ಆಮೇಲೆ ಗಡೀಪಾರಿನ ವಿಮಾನ. ಮನೆಗೆ ಬಂದಾಗ ನನ್ನ ಬಿಳಿ ಅಂಗಿಯಲ್ಲಿ ರಕ್ತವಿತ್ತು ಎನ್ನುತ್ತಾಳೆ ಹೆಂಡತಿ. ನನಗೆ ನೆನಪಿರುವ ಅಂಗಿ ನೀಲಿ.

ಅವನು ಮತ್ತೆ ಹಾಡುವುದಿಲ್ಲ ಎಂದುಕೊಂಡೆ. ಹಾಡಿದ. ಹಲ್ಲು ಕಟ್ಟಿಸಲಿಲ್ಲ. ಆ ಸಂದಿನಿಂದ ಸಕಾರಗಳೆಲ್ಲ ಸಿಳ್ಳೆಯಾಗಿ ಬಂದವು. ಸೊಪ್ಪು ಎಂದರೂ ಸಿಳ್ಳೆ. ಜನರಿಗೆ ಅದು ಮೊದಲಿಗಿಂತ ಹಿಡಿಸಿತು. ಖಲಾಸ್ ಎಂದು ಈಗ ತನ್ನ ಬಾಯಿಂದಲೇ ಹೇಳತೊಡಗಿದ್ದ, ಆಣೆಯ ಸುದ್ದಿಯನ್ನು ನಾನು ಎತ್ತಲಿಲ್ಲ. ಸೀಬ್‌ನ ಒಂದು ಕಾರ್ಯಕ್ರಮದಲ್ಲಿ, ಹಾಡಿಗೆ ಮುಂಚಿನ ಮಾತಿನಲ್ಲಿ, ತುಟಿ ಎತ್ತಿ ಸಂದು ತೋರಿಸಿ ಹೇಳಿದ, "ಇದು ನನ್ನ ಬಾಪ ಕೊಟ್ಟದ್ದು." ನಾನು ಸ್ವರ ಒತ್ತಿ ಹಿಡಿದಿದ್ದೆ. ಬಿಡಲಿಲ್ಲ.

ಅಣ್ಣನ ಏಟು ಸತ್ತ ಅಪ್ಪನ ಪಾಲಾಯಿತು. ಅಲ್ಲಿಂದ ಮುಂದೆ ವೇದಿಕೆಯಿಂದ ವೇದಿಕೆಗೆ ಆ ಅಪ್ಪ ಬೆಳೆದ. ಉಮ್ಮನಿಗೆ ಬೆಂಕಿ ಹಚ್ಚಲು ಹೋದ, ಮಕ್ಕಳನ್ನು ಬಾವಿಗೆ ತೂಗುಬಿಟ್ಟ. ಊರಿನ ಮಾತೂ ತಿರುಗಿತು. ಯಾರು ಮಾಡಿದರು ಎಂದು ಕೇಳುತ್ತಿದ್ದವರು, ಅಂಥವನನ್ನು ಯಾರು ಖಲಾಸ್ ಮಾಡಿದರೂ ತಪ್ಪಿಲ್ಲ ಎನ್ನತೊಡಗಿದರಂತೆ. ಹುಡುಗನ ಕಡೆಯವರು ಒಪ್ಪಿದರು. ಒಂದೇ ಮಾತು ಕೇಳಿಕೊಂಡರು. ಹುಡುಗಿಯ ತಂದೆ ಬರದಿದ್ದರೆ ಒಳ್ಳೆಯದು, ಅವರ ಬದಲು ಚಿಕ್ಕಪ್ಪನೇ ಕೂತು ನಿಕಾಹ್ ಮಾಡಿಸಿಕೊಡಲಿ. ಇಡೀ ಊರು ಆ ಹಾಡುವ ಚಿಕ್ಕಪ್ಪನನ್ನು ನೋಡಲು ಕಾಯುತ್ತಿದೆ.

ನಿಕಾಹ್ ದಿನ ನಾನು ಸುವೈಕ್‌ನಲ್ಲಿದ್ದೆ. ಕೆಲಸವಿತ್ತು, ಅಥವಾ ಕೆಲಸವಿದೆ ಎಂದು ಹೇಳಿಕೊಂಡು ಹೋಗಿದ್ದೆ. ಅಣ್ಣ ಕೌಂಟರಿನಲ್ಲಿ ಫೋನನ್ನು ತಕ್ಕಡಿಗೆ ಒರಗಿಸಿ ಇಟ್ಟಿದ್ದ. ಪರದೆಯಲ್ಲಿ ತಮ್ಮ, ಬಿಳಿ ಅಂಗಿ, ಮದುಮಗನ ಕೈಹಿಡಿದು, ಮೌಲವಿ ಹೇಳಿಕೊಟ್ಟದ್ದನ್ನು ಹೇಳುತ್ತಿದ್ದ. ಸುತ್ತ ಎಲ್ಲರೂ ಫೋನೆತ್ತಿ ಚಿತ್ರ ತೆಗೆಯುತ್ತಿದ್ದರು. ಮದುಮಗಳು ಎಲ್ಲೂ ಕಾಣಲಿಲ್ಲ.

"ನಿಮ್ಮ ಬದಲು ಕೂರಲಿಕ್ಕೆ ನೀವು ವಕಾಲತ್ ಕೊಟ್ಟಿರಾ?" ಎಂದು ಕೇಳಿದೆ.

"ಕೊಟ್ಟೆ. ಫೋನಲ್ಲೇ ಆಗ್ತದೆ ಈಗ." ಒಬ್ಬ ಗಿರಾಕಿ ಬಂದ, ಎರಡು ಕೋಳಿ ಕೇಳಿದ. ಅಣ್ಣ ಎದ್ದು ಒಳಗೆ ಹೋಗಿ ಎರಡರ ಕತ್ತು ಕೊಯ್ದ. ಕೊಳವೆಗೆ ಹಾಕಿ, ಕಾಲುಗಳು ನಿಲ್ಲುವವರೆಗೆ ಅಲ್ಲೇ ನಿಂತು, ಕೈ ತೊಳೆದುಕೊಂಡು ಬಂದ. ಅಷ್ಟರಲ್ಲಿ ನಿಕಾಹ್ ಮುಗಿದಿತ್ತು. ಯಾರೋ ಹಾಡಲು ಕೇಳುತ್ತಿದ್ದರು, ತಮ್ಮ ನಗುತ್ತ ಆಮೇಲೆ ಆಮೇಲೆ ಎನ್ನುತ್ತಿದ್ದ.

"ಬಾಪ ಅಷ್ಟು ಕೆಟ್ಟವರಲ್ಲ ಪೊರ್ಬುಗಳೇ," ಎಂದ ಅಣ್ಣ ಪರದೆ ನೋಡುತ್ತಲೇ. "ಗೆರಸೆ ಒದ್ದದ್ದು ಹೌದು. ಒಂದು ಸಲವೋ ಎರಡು ಸಲವೋ. ಇವನನ್ನು ಹೆಗಲಲ್ಲಿ ಕೂರಿಸಿಕೊಂಡು ಕೋರೆಗೆ ತರ್ತಿದ್ದರು. ಅವನಿಗೆ ಅದು ನೆನಪಿಲ್ಲ."

"ಆ ದಿನವೂ ತಂದಿದ್ದರಾ?"

ಅವನು ಫೋನನ್ನು ಮಗುಚಿ ಇಟ್ಟ. "ನಿಮಗೆ ಎಷ್ಟು ಕಿಲೋ?" ಎಂದ.

ಆ ದಿನ ಕೋರೆಯ ಅಂಚಿನಲ್ಲಿ ಇಬ್ಬರಿದ್ದರೋ ಮೂವರಿದ್ದರೋ ನನಗೆ ಗೊತ್ತಿಲ್ಲ. ಅಪ್ಪ ಜಾರಿದನೋ, ನೂಕಿದರೋ, ಅದುಮಿ ಹಿಡಿದರೋ ಗೊತ್ತಿಲ್ಲ. ಮೆಷಿನ್ ಓಡುತ್ತಿದ್ದಾಗ ತಮ್ಮ ಹೇಳಿದ ಪದದ ಬಾಲ ಯಾವುದೆಂದು ಅವನನ್ನು ಎರಡು ಸಲ ಕೇಳಿದ್ದೇನೆ. ಒಮ್ಮೆ ನೋಡಿದ್ದೇನೆ ಎಂದ, ಒಮ್ಮೆ ನೋಡಿಲ್ಲ ಎಂದ. ಎರಡು ಸಲವೂ ನಗುತ್ತಿದ್ದ. ಬಾಪನನ್ನು ಅಷ್ಟು ಕೆಟ್ಟವನನ್ನಾಗಿ ಮಾಡಿದ್ದು ಅಣ್ಣನನ್ನು ಉಳಿಸಲಿಕ್ಕೋ, ಅವನ ಜಾಗದಲ್ಲಿ ಕೂರಲಿಕ್ಕೋ, ಅಥವಾ ಜನ ಅಳುತ್ತಾರೆಂಬ ಒಂದೇ ಕಾರಣಕ್ಕೋ, ಅದೂ ಗೊತ್ತಿಲ್ಲ.